ಕಾಡುತೊಗರಿಯ ಬೆಟ್ಟದಲ್ಲಿ ಏನೂ ಇಲ್ಲ

ಚೀಲಗಳು ಇರಲಿಲ್ಲ. ಒಂದೂ ಇರಲಿಲ್ಲ.

ಸಾತನೂರಿನಿಂದ ಒಳಕ್ಕೆ ಹೋಗುವ ರಸ್ತೆಯ ಬದಿಗೆ ಜೀಪು ನಿಲ್ಲಿಸಿ, ಗೋಮಾಳದ ಬಂಡೆಬೆಟ್ಟವನ್ನು ಅರ್ಧ ಹತ್ತಿ, ನಾನು ಕಣ್ಣು ಕಿರಿದಾಗಿಸಿ ಹುಡುಕಿದ್ದು ಹಸಿರು ಬಣ್ಣವನ್ನು. ಫೆಬ್ರುವರಿಯ ಕೊನೆಗೆ ಈ ಬೆಟ್ಟಗಳಲ್ಲಿ ಹುಲ್ಲೆಲ್ಲ ಒಣಗಿ ಕಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ನಾವು ಬಳ್ಳಿಬಳ್ಳಿಗೂ ಕಟ್ಟಿಬಂದಿದ್ದ ಹಸಿರು ನೈಲಾನ್ ಬಲೆಯ ಚೀಲಗಳು ಕೆಳಗಿನಿಂದಲೇ ಕಾಣಬೇಕಿತ್ತು. ಕಾಣಲಿಲ್ಲ. ಬೆಟ್ಟವೇ ತಪ್ಪಿತೇನೋ ಎಂದು ಒಂದು ಕ್ಷಣ ಅನುಮಾನಿಸಿದೆ. ತಪ್ಪಿರಲಿಲ್ಲ. ಒಂದಕ್ಕೊಂದು ಆತುಕೊಂಡ ಎರಡು ಬಂಡೆಗಳು, ಅವುಗಳ ಕೆಳಗೆ ಆನೆಗಳು ಮೈಯುಜ್ಜಿ ನುಣುಪಾಗಿಸಿದ ಒಂಟಿ ಕಲ್ಲು, ಎಲ್ಲವೂ ಇದ್ದಲ್ಲೇ ಇದ್ದವು. ಇಲ್ಲದಿದ್ದುದು ಚೀಲಗಳು; ಇನ್ನಷ್ಟು ಮೇಲೇರಿದ ಬಳಿಕ ಕಂಡಂತೆ, ಬಳ್ಳಿಗಳೂ.

ನನ್ನ ಹಿಂದೆಯೇ ಏರಿಬಂದ ಜೀಪಿನ ಚಾಲಕರು ಮಾಗಡಿ ಕಡೆಯವರು. ಯಾವ ಅನಾಹುತಕ್ಕೂ ಒಂದು ಮಾತು ಸಿದ್ಧವಿಟ್ಟುಕೊಂಡವರು. ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿ, “ಬೆಟ್ಟಕ್ಕೆ ಯಾರೋ ಮುಡಿ ತೆಗ್ಸವ್ರೆ ಮೇಡಂ,” ಎಂದರು. ನಾನು ನಗಲಿಲ್ಲ. ಅವರು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆದಿದ್ದ ಒಂದು ವೃತ್ತವನ್ನು ಕಾಲಿನಿಂದ ತೋರಿಸಿದರು. ಅಂಥ ವೃತ್ತಗಳು ಇಡೀ ಇಳಿಜಾರಿನಲ್ಲಿದ್ದವು. ಬಂಡೆಗಳ ನಡುವೆ ಎಲ್ಲೆಲ್ಲಿ ಒಂದಿಷ್ಟು ಮಣ್ಣು ಕೂತಿತ್ತೋ ಅಲ್ಲೆಲ್ಲ. ಸಸಿ ನೆಡಲು ತೆಗೆಯುವ ಗುಂಡಿಗಳ ಗುರುತು ಅದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾವು ಕಾಯುತ್ತಿದ್ದ ಗಿಡಕ್ಕೆ ಇಡೀ ಬೆಟ್ಟದಲ್ಲಿ ಇದ್ದ ನೆಲೆಯೂ ಆ ಮಣ್ಣೇ.

ನಾನಾಗ ಒಂದು ಬೀಜ ಸಂರಕ್ಷಣಾ ಘಟಕದಲ್ಲಿ ಸಂಶೋಧನಾ ಸಹಾಯಕಿಯಾಗಿದ್ದೆ. ನಾವು ಬೆಳೆಯುವ ಧಾನ್ಯಗಳ ಕಾಡುಬಂಧುಗಳನ್ನು ಹುಡುಕಿ, ಬೀಜ ತಂದು, ಒಣಗಿಸಿ ಶೀತಕೋಠಿಯಲ್ಲಿಡುವುದು ಘಟಕದ ಕೆಲಸ. ಆಗ ನನಗೆ ವಹಿಸಿದ್ದು ಕಾಡುತೊಗರಿ. ಹೊಲದ ತೊಗರಿ ನೆಟ್ಟಗೆ ನಿಂತು, ಒಂದು ಫಸಲು ಕೊಟ್ಟು ಮುಗಿಯುತ್ತದೆ. ಇದು ಬಳ್ಳಿ, ವರ್ಷಾನುಗಟ್ಟಲೆ ಬಾಳುವಂಥದ್ದು. ಬಂಡೆಯ ಸೀಳಿನಲ್ಲಿ ಹಿಡಿಮಣ್ಣು ಸಿಕ್ಕರೆ ಬೇರಿಳಿಸಿ, ಮಳೆಗಾಲದಲ್ಲಿ ಪಕ್ಕದ ಕುರುಚಲಿನ ಮೇಲೆ ಹಬ್ಬುತ್ತದೆ. ಬೇಸಿಗೆಯಲ್ಲಿ ಎಲೆಯುದುರಿಸಿ ಸತ್ತಂತೆ ಬಿದ್ದಿರುತ್ತದೆ. ಮೊದಲ ಮಳೆಗೆ ಅದೇ ಬುಡದಿಂದ ಮತ್ತೆ ಏಳುತ್ತದೆ. ಎಲೆಯ ತಳ ಬೂದಿ ಸವರಿದಂತೆ ಬಿಳಿಚು. ನೀರಿಲ್ಲದೆ ಬದುಕುವ, ಕಾಯಿಕೊರಕ ಹುಳುವನ್ನು ತಾಳಿಕೊಳ್ಳುವ ಗುಣವನ್ನು ತಳಿ ವಿಜ್ಞಾನಿಗಳು ಹುಡುಕುವುದು ಇಂಥ ಗಿಡಗಳಲ್ಲಿ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ತಾಲ್ಲೂಕುಗಳ ಬಂಡೆಬೆಟ್ಟಗಳನ್ನು ನಾವು ಎರಡು ಮಳೆಗಾಲ ಸುತ್ತಿದ್ದೆವು. ಕೆಲವು ಕಲ್ಲುಗಣಿಯಾಗಿದ್ದವು, ಕೆಲವು ನೀಲಗಿರಿ ತೋಪಾಗಿದ್ದವು. ವಿರೂಪಾಕ್ಷಿಪುರದ ಆಚೆ ಒಂದು ಗುಡ್ಡದಲ್ಲಿ ನಾಲ್ಕಾರು ಬಳ್ಳಿ ಕಂಡರೂ ಕಾಯಿ ಕಟ್ಟಿರಲಿಲ್ಲ. ಕಾಯಿ ತುಂಬಿ ನಿಂತ ತಾಣವೆಂದು ನಮಗೆ ದೊರೆತದ್ದು ಇದೊಂದೇ.

ಕಾಡುತೊಗರಿಯ ಬೀಜ ಹಿಡಿಯುವುದು ಸುಲಭದ ಕೆಲಸವಲ್ಲ. ಹಸಿಯಿದ್ದಾಗ ಕಿತ್ತರೆ ಬೀಜ ಬಲಿತಿರುವುದಿಲ್ಲ. ಬಲಿಯಲೆಂದು ಬಿಟ್ಟರೆ, ಬಿಸಿಲೇರಿದ ಒಂದು ಮಧ್ಯಾಹ್ನ ಸಿಪ್ಪೆ ತಿರುಚಿಕೊಂಡು ಸಿಡಿದು, ಬೀಜ ಯಾವ ಸೀಳಿಗೆ ಬಿತ್ತೆಂದು ತಿಳಿಯುವುದಿಲ್ಲ. ಹಾಗಾಗಿ ಕಾಯಿ ಹಳದಿಗೆ ತಿರುಗುವ ಮೊದಲೇ ಗೊಂಚಲಿಗೆ ಚೀಲ ಕಟ್ಟಬೇಕು. ಬಟ್ಟೆಯ ಚೀಲವಾದರೆ ಇಬ್ಬನಿ ಹಿಡಿದು ಬೂಷ್ಟು ಬರುತ್ತದೆ. ಗಾಳಿಯಾಡುವ, ಬೀಜ ಜಾರದ ಸಣ್ಣ ಕಣ್ಣಿನ ಬಲೆ ಬೇಕು. ಅದು ರಾಮನಗರದಲ್ಲಿ ಸಿಕ್ಕಷ್ಟು ಸಲೀಸಾಗಿ ಬೇರೆಲ್ಲೂ ಸಿಗದು. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿನೊಣ ಒಳನುಗ್ಗದಂತೆ ಹುಳದ ಮನೆಯ ಕಿಟಕಿಬಾಗಿಲುಗಳಿಗೆ ಕಟ್ಟುವ ಬಲೆ ಅದು. ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರದ ಅಂಗಡಿಯಲ್ಲಿ ಕೊಂಡು, ಪಕ್ಕದ ಗಲ್ಲಿಯ ದರ್ಜಿಯಿಂದ ಅಂಗೈಯಗಲದ ಚೀಲಗಳಾಗಿ ಹೊಲಿಸಿದ್ದೆ. ಪ್ರತಿ ಚೀಲದೊಳಗೆ ತಾಯಿಬಳ್ಳಿಯ ಸಂಖ್ಯೆ ಕೊರೆದ ಅಲ್ಯೂಮಿನಿಯಂ ಬಿಲ್ಲೆ. ಬಾಯಿಗೆ ಹತ್ತಿಯ ದಾರದ ಸುರುಕುಗಂಟು. ಒಂದು ತಾಣದ ಬೀಜದಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಒಯ್ಯಬಾರದೆಂಬುದು ನಮ್ಮ ಕೆಲಸದ ನಿಯಮ, ಉಳಿದದ್ದು ಬೆಟ್ಟದ್ದು. ಆದ್ದರಿಂದ ಹೆಚ್ಚಿನ ಗೊಂಚಲುಗಳನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದೆವು.

ಬಿಟ್ಟಿದ್ದೆಲ್ಲ ಈಗ ಬೆಟ್ಟದ ಬುಡದ ಚಪ್ಪಡಿಯ ಮೇಲೆ ಬೂದಿಯಾಗಿತ್ತು. ಎಳೆದು ಕಿತ್ತ, ಹೆಚ್ಚಿನವು ಬುಡದ ಮೇಲೆಯೇ ಮುರಿದಿದ್ದ ಬಳ್ಳಿಗಳನ್ನು ರಾಶಿ ಹಾಕಿ ಸುಟ್ಟಿದ್ದರು. ಬೂದಿಯನ್ನು ಕೆದಕಿದೆ. ಸೀದು ಕರಕಾದ ಕಾಯಿಸಿಪ್ಪೆಗಳು ಕೈಗೆ ಬಂದವು. ಅಲ್ಲಿ ಎಷ್ಟು ಹೊತ್ತು ಕೂತಿದ್ದೆನೋ ನೆನಪಿಲ್ಲ. ಚಾಲಕರು ನೀರಿನ ಬಾಟಲಿ ತಂದು ಕೈಗಿಟ್ಟಾಗ ಎದ್ದೆ.

ಘಟಕದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ನನಗೆ ಗಿಡ ಗುರುತಿಸುವುದನ್ನು ಕಲಿಸಿದವರು. ಬೆಟ್ಟಗಳಲ್ಲಿ ಮೂವತ್ತು ವರ್ಷ ನಡೆದವರು. ಹೇಳಿದ್ದನ್ನೆಲ್ಲ ಕೇಳಿ, “ಯಾರ ಹತ್ತಿರವೂ ಏನೂ ಮಾತಾಡಬೇಡಮ್ಮ. ಇಳಿದು ವಾಪಸ್ ಬಂದುಬಿಡು,” ಎಂದರು. ಯಾರು ಮಾಡಿದರು ಎಂದು ಕೇಳಲಿಲ್ಲ. ಆ ಹೊತ್ತಿಗೆ ಅದು ನನಗೆ ವಿಚಿತ್ರವೆನಿಸಲಿಲ್ಲ. ಯಾಕೆಂದರೆ ಮಾತಾಡದಿರುವುದು ನಮ್ಮ ಕ್ಷೇತ್ರದ ಕಟ್ಟಳೆ. ಅಪರೂಪದ ಗಿಡದ ತಾಣವನ್ನು ಹೊರಗಿನವರಿಗೆ ಹೇಳಬಾರದು. ವರದಿಯಲ್ಲಿ ಅಕ್ಷಾಂಶ ರೇಖಾಂಶಗಳ ಕೊನೆಯ ಅಂಕಿಗಳನ್ನು ಅಳಿಸಬೇಕು. ಚೀಲದ ಮೇಲೆ ಘಟಕದ ಹೆಸರಿರಬಾರದು, ಫಲಕ ನೆಡಬಾರದು. ದನ ಮೇಯಿಸುವವರು ಕೇಳಿದರೆ ಹುಳ ಹಿಡಿಯಲು ಬಂದಿದ್ದೇವೆ ಎನ್ನಬೇಕು. ಗೊತ್ತಾದರೆ ಕೀಳುತ್ತಾರೆ, ಮಾರುತ್ತಾರೆ, ಗಡ್ಡೆಸಮೇತ ಒಯ್ಯುತ್ತಾರೆ. ಇದು ನಮಗೆ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ.

ಆದರೆ ಬರಿಗೈಯಲ್ಲಿ ಹಿಂದಿರುಗಲು ನನಗೆ ಮನಸ್ಸಾಗಲಿಲ್ಲ. ಬಳ್ಳಿ ಸುಟ್ಟಿದ್ದಾರೆ, ಸರಿ. ಬೂದಿಯಲ್ಲಿ ಕರಗಿದ ನೈಲಾನ್ ಇರಲಿಲ್ಲ, ಬಿಲ್ಲೆಗಳೂ ಇರಲಿಲ್ಲ. ಹಾಗಾದರೆ ಚೀಲಗಳು ಎಲ್ಲಿಗೋ ಹೋಗಿವೆ. ಈ ವರ್ಷದ ಬೀಜವೆಂದು ಏನಾದರೂ ಉಳಿದಿದ್ದರೆ ಅದು ಆ ಚೀಲಗಳಲ್ಲಿ.

ರಸ್ತೆಯ ಪೆಟ್ಟಿಗೆಯಂಗಡಿಯಲ್ಲಿ ವಿಚಾರಿಸಿದಾಗ ಪಂಚಾಯಿತಿಯ ಒಬ್ಬ ಸದಸ್ಯೆಯ ಮನೆ ತೋರಿಸಿದರು. ಐವತ್ತು ದಾಟಿದ ಹೆಂಗಸು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಹಿಪ್ಪುನೇರಳೆ ತೋಟ. ಹುಳದ ಮನೆಯ ಮುಂದೆ ಸೊಪ್ಪು ಕತ್ತರಿಸುತ್ತಿದ್ದರು. ಹುಳ ಜ್ವರ ಎದ್ದಿತ್ತು. ಅಂದರೆ ಪೊರೆ ಕಳಚಿ ಹಸಿದಿತ್ತು. “ಕೂತ್ಕಳವ್ವ, ಒಸಿ ಸೊಪ್ಪಾಕ್ಬುಟ್ಟು ಬತ್ತೀನಿ,” ಎಂದು ಒಳಗೆ ಹೋದವರು, ಕೈಯೊರೆಸಿಕೊಂಡು ಬರುವಾಗ ಫೋನನ್ನೂ ತಂದರು. ಬೆಟ್ಟದ ಹೆಸರೆತ್ತಿದ್ದಷ್ಟೇ. ಹಿಂದಿನ ಭಾನುವಾರ ಬೆಂಗಳೂರಿನ ಒಂದು ಪರಿಸರ ತಂಡ ಬಸ್ಸು ಮಾಡಿಕೊಂಡು ಬಂದದ್ದು, ಪಂಚಾಯಿತಿಯವರೂ ಸೇರಿ ಬೆಟ್ಟವನ್ನು ಪ್ಲಾಸ್ಟಿಕ್‌ಮುಕ್ತ ಮಾಡಿದ್ದು, ನಾಡಿದ್ದು ಜೆ.ಸಿ.ಬಿ. ತರಿಸಿ ಗುಂಡಿ ತೆಗೆದು ಮಳೆಗೆ ಮುಂಚೆ ಹಸಿರು ಬೆಟ್ಟ ಮಾಡಲಿರುವುದು, ಎಲ್ಲವನ್ನೂ ಚಿತ್ರಸಮೇತ ವಿವರಿಸಿದರು. ಚಿತ್ರದಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಯುವಕ ಯುವತಿಯರು ಮೂಟೆಗಳ ಮುಂದೆ ಹೆಬ್ಬೆರಳೆತ್ತಿ ನಿಂತಿದ್ದರು. ಒಂದು ಮೂಟೆಯ ಬಾಯಿಯಿಂದ ನನ್ನ ಹಸಿರು ಚೀಲಗಳು ಇಣುಕುತ್ತಿದ್ದವು.

ಆ ಬಲೆಗಳೇನು ಎಂದು ಕೇಳಿದೆ.

“ಊಜಿ ಬಲೆ ಕಣವ್ವ. ಹರಿದೋದ್ರೆ ನಮ್ ಜನ ಎಲ್ ಬೇಕಾದ್ರೂ ಎಸೀತಾರೆ. ಗಾಳಿಗೆ ಹಾರ್ಕಂಡೋಗಿ ಬಳ್ಳೀಗೆಲ್ಲ ಸಿಕ್ಕಾಕಂಡಿದ್ವು. ಒಂದೂ ಬುಡ್ದಂಗೆ ನಾನೇ ನಿಂತು ಕೀಳುಸ್ದೆ. ಬಳ್ಳೀನೂ ಹೆಂಗಿದ್ರೂ ಗುಂಡೀಗೆ ಅಡ್ಡ, ಅದೂ ತೆಗುಸ್ದೆ.”

ಅವರ ಮಾತಿನಲ್ಲಿ ಅಭಿಮಾನವಿತ್ತು, ಇರಬೇಕಾದದ್ದೇ. ಊರಿನ ಪ್ರತಿ ಹುಳದ ಮನೆಯ ಹಿತ್ತಲಿನಲ್ಲೂ ಹರಿದ ಊಜಿ ಬಲೆ ಬಿದ್ದಿರುತ್ತದೆ, ಬೇಲಿಗೆ ಸಿಕ್ಕಿಕೊಂಡಿರುತ್ತದೆ. ಅದಕ್ಕಾಗಿ ಊರವರೊಂದಿಗೆ ವರ್ಷಗಳಿಂದ ಜಗಳವಾಡಿದ ಹೆಂಗಸು ಅವರು. ಬೇರೆ ಯಾವ ಸೀಮೆಯ ಜನರಾದರೂ, ಗೊಂಚಲಿಗೆ ಸುರುಕುಗಂಟು ಹಾಕಿ ಕಟ್ಟಿದ ಚೀಲವನ್ನು ಕಂಡು ಇದೇನೋ ಯಾರದೋ ಕೆಲಸ ಎಂದು ಒಂದು ಕ್ಷಣ ನಿಲ್ಲುತ್ತಿದ್ದರು. ರೇಷ್ಮೆಯ ಸೀಮೆಯಲ್ಲಿ ಆ ಬಲೆ ಕಂಡೊಡನೆ ಕಸ. ಜಗತ್ತಿನ ಯಾವ ಬಟ್ಟೆಯಲ್ಲಿ ಹೊಲಿಸಿದ್ದರೂ ಉಳಿಯುತ್ತಿತ್ತೇನೋ. ನಾವು ಆರಿಸಿದ್ದು ಅದನ್ನು, ಮತ್ತು ಒಂದಕ್ಷರವನ್ನೂ ಬರೆಯದೆ ಕಟ್ಟಿದ್ದೆವು.

ಮೂಟೆಗಳು ಎಲ್ಲಿವೆ ಎಂದಷ್ಟೇ ಕೇಳಿದೆ. ಯಾಕೆಂದು ಅವರು ಕೇಳಿದಾಗ, ಆ ಪಾಠ ಕಲಿತ ನಾಲಿಗೆ, ನಮ್ಮ ಕೆಲವು ಸಾಮಾನು ಅದರಲ್ಲಿ ಸೇರಿಹೋಗಿವೆ ಎಂದಿತು.

ಪಂಚಾಯಿತಿಯ ಒಣಕಸದ ಶೆಡ್ಡು ಊರಾಚೆ ಸ್ಮಶಾನದ ಪಕ್ಕದಲ್ಲಿದೆ. ಕಸ ವಿಂಗಡಿಸುವ ಇಬ್ಬರು ಹೆಂಗಸರು ಊಟಕ್ಕೆ ಕೂತಿದ್ದರು. ಬೆಟ್ಟದ ಮೂಟೆಗಳನ್ನು ಇನ್ನೂ ಬಿಚ್ಚಿಲ್ಲವೆಂದು ಹೇಳಿದರು. ಆ ದಿನ ನಾನು ಕೇಳಿದ ಒಂದೇ ಒಳ್ಳೆಯ ಸುದ್ದಿ ಅದು. ಚಾಲಕರೂ ನಾನೂ ಟಾರ್ಪಾಲು ಹಾಸಿ ಒಂದೊಂದೇ ಮೂಟೆ ಸುರಿದೆವು. ಮದ್ಯದ ಪ್ಯಾಕೆಟ್ಟು, ಚಿಪ್ಸ್ ಕವರು, ನೀರಿನ ಬಾಟಲಿ, ಕಿತ್ತುಹೋದ ಚಪ್ಪಲಿ. ಅವುಗಳ ನಡುವೆ ಉಂಡೆಯಾಗಿ ಮುದುಡಿದ ಬಲೆ. ಸುರುಕುಗಂಟು ಬಿಚ್ಚದೆ ಕಡ್ಡಿಸಮೇತ ಮುರಿದಿದ್ದ ಚೀಲಗಳಲ್ಲಿ ಕಾಯಿ ಒಳಗೇ ಸಿಡಿದು, ಬೀಜ ತಳದಲ್ಲಿ ಕೂತಿತ್ತು. ಹಿಡಿದೆಳೆದ ಚೀಲಗಳು ಹರಿದು ಬರಿದಾಗಿದ್ದವು. ಪ್ಯಾಕೆಟ್ಟುಗಳಲ್ಲಿ ಉಳಿದ ಮದ್ಯ ಸೋರಿ ಕೆಲವು ನೆನೆದು, ಬೂಷ್ಟು ಹಿಡಿದು ಅಂಟಾಗಿದ್ದವು. ಕಡ್ಡಿಯ ಸುತ್ತ ಸಡಿಲಾದ ಬಾಯಿಯಿಂದ ಬಿಲ್ಲೆಗಳು ಜಾರಿ ಬೇರೆಯೇ ಬಿದ್ದಿದ್ದವು. ಯಾವ ತಾಯಿಯ ಬೀಜ ಯಾವುದೆಂದು ಹೇಳುವ ಆಧಾರ ಅಲ್ಲಿಗೆ ಹೋಯಿತು. ಪ್ರತಿ ತಾಯಿಬಳ್ಳಿಯ ಬೀಜವನ್ನೂ ಬೇರೆ ಬೇರೆಯಾಗಿ ಇಟ್ಟರೆ ಮಾತ್ರ ತಾಣದ ವೈವಿಧ್ಯ ಉಳಿದಂತೆ. ಈಗ ಅವೆಲ್ಲ ಒಂದು ಹಿಡಿ.

ಒಣಗಿದ್ದನ್ನು ಕಾಗದದ ಲಕೋಟೆಗೆ, ನೆನೆದದ್ದನ್ನು ಬೇರೆ ಲಕೋಟೆಗೆ ಹಾಕುತ್ತಿರುವಾಗ ಸದಸ್ಯೆ ಅಲ್ಲಿಗೇ ಬಂದರು. ಅವರಿಗೆ ನನ್ನ ಮೇಲೆ ಅನುಮಾನ ಹುಟ್ಟಿತ್ತು. “ಅದೇನ್ ಹುಡುಕ್ತಿದ್ದೀಯವ್ವ, ಕತ್ತಿನ್ ಸರ ಬಿದ್ದೋಯ್ತಾ?” ಎಂದು ನಗುತ್ತ ಬಗ್ಗಿದವರು, ನನ್ನ ಅಂಗೈಯಲ್ಲಿದ್ದ ಕಾಳು ನೋಡಿ ನಗು ನಿಲ್ಲಿಸಿದರು. ರೈತ ಹೆಂಗಸಿಗೆ ಕಾಳೆಂದರೆ ಏನೆಂದು ವಿವರಿಸಬೇಕಿರಲಿಲ್ಲ. ಇದನ್ನು ನೀವೇ ಕಟ್ಟಿದ್ದಾ ಎಂದು ಮೆಲ್ಲಗೆ ಕೇಳಿದರು. ನಾನು ಸಂಖ್ಯೆ ಕೊರೆದ ಒಂದು ಬಿಲ್ಲೆಯನ್ನು ಅವರ ಕೈಗಿಟ್ಟೆ.

“ಅಂಗಾದ್ರೆ ನಿಮ್ ಸಾಹೇಬ್ರು ಯಾಕ್ ಯೋಳ್ನಿಲ್ಲ?” ಎಂದರು, ಹೊರಗೆ ನಿಂತಿದ್ದ ಘಟಕದ ಜೀಪಿನ ಕಡೆ ಕೈ ತೋರಿಸಿ.

ಯಾವ ಸಾಹೇಬರು ಎಂದೆ.

ಸಂಕ್ರಾಂತಿ ಕಳೆದ ಮೇಲೆ ಪಂಚಾಯಿತಿಯಲ್ಲಿ ಈ ಹಸಿರು ಬೆಟ್ಟದ ಸಭೆ ನಡೆದಿತ್ತಂತೆ. ತಾಲ್ಲೂಕಿನ ಅಧಿಕಾರಿಯೊಬ್ಬರು ಬಂದಿದ್ದರಂತೆ. ಗಿಡ ಬಲ್ಲವರೆಂದು ನಮ್ಮ ಮುಖ್ಯಸ್ಥರನ್ನೂ ಕರೆಸಿದ್ದರಂತೆ. ಬೆಟ್ಟದ ಮೇಲೆ ಉಳಿಸಬೇಕಾದ್ದು ಏನಾದರೂ ಇದ್ದರೆ ಹೇಳಿ ಎಂದು ಅಧಿಕಾರಿ ಎಲ್ಲರೆದುರಿಗೆ ಕೇಳಿದರಂತೆ. “ಏನೂ ಇಲ್ಲ, ಬರೀ ಕುರುಚಲು ಅಂದ್ರು ಕಣವ್ವ. ನಾನೇ ಎದ್ರಿಗ್ ಕೂತಿದ್ದೆ.” ನಾನು ಚಾಲಕರ ಕಡೆ ನೋಡಿದೆ. ಅಂದು ಮುಖ್ಯಸ್ಥರನ್ನು ಜೀಪಿನಲ್ಲಿ ಕರೆತಂದವರು ಇವರೇ. ಸಭೆ ನಡೆಯುವಾಗ ಹೊರಗೆ ಚಹಾ ಕುಡಿಯುತ್ತ ನಿಂತಿದ್ದರಂತೆ. ಅವರು ತಲೆಯಾಡಿಸಿದರು. ಜೀಪು ಬಂದದ್ದು ನಿಜವೆಂಬಷ್ಟೇ ಅದರ ಅರ್ಥ.

ಸಂಕ್ರಾಂತಿ ಕಳೆದ ಮೇಲೆ. ಅಂದರೆ ನಾವು ಚೀಲ ಕಟ್ಟಿದ ಆಸುಪಾಸಿನಲ್ಲೇ. ಬೆಟ್ಟದ ಮೇಲೆ ಅವರ ಸಹಾಯಕಿ ಒಂದೊಂದೇ ಗಂಟು ಬಿಗಿಯುತ್ತಿದ್ದಾಗ, ಕೆಳಗೆ ಅವರು ಅಲ್ಲೇನೂ ಇಲ್ಲವೆನ್ನುತ್ತಿದ್ದರು.

ಮರುದಿನ ಘಟಕದಲ್ಲಿ ಅವರ ಮೇಜಿನ ಮೇಲೆ ಲಕೋಟೆಗಳನ್ನಿಟ್ಟು ಕೇಳಿದೆ. ಅವರು ನಿರಾಕರಿಸುತ್ತಾರೆಂದು ಎಣಿಸಿದ್ದೆ, ನಿರಾಕರಿಸಲಿಲ್ಲ. ವರ್ಷಗಳ ಹಿಂದೆ ತಾವು ಒಂದು ಗಡ್ಡೆಗಿಡದ ತಾಣವನ್ನು ಹೆಸರಿಸಿ ಲೇಖನ ಬರೆದದ್ದನ್ನೂ, ಎರಡನೇ ಮಳೆಗಾಲಕ್ಕೆ ಅಲ್ಲಿ ಗುದ್ದಲಿಯ ಗುಳಿಗಳು ಮಾತ್ರ ಉಳಿದದ್ದನ್ನೂ ಹೇಳಿದರು. ಹೇಳುವಾಗ ಅವರ ದನಿ ಒಡೆಯಿತು. ಅದು ನಟನೆಯಲ್ಲವೆಂದು ನನಗೆ ಈಗಲೂ ಗೊತ್ತು. “ಗುಂಡಿ ತೆಗೆಯುವವರು ಒಮ್ಮೆ ಬಂದುಹೋಗುತ್ತಾರಮ್ಮ. ಗೊತ್ತಿರುವವರು ವರ್ಷವರ್ಷ ಬರುತ್ತಾರೆ,” ಎಂದರು. ಬಂಡೆಯ ಮೇಲೆ ನೆಟ್ಟ ಸಸಿಗಳು ಹೇಗೂ ಎರಡು ಬೇಸಿಗೆಯಲ್ಲಿ ಒಣಗುತ್ತವೆ, ಆಮೇಲೆ ಬಳ್ಳಿ ತಾನಾಗಿ ಮರಳುತ್ತದೆ ಎಂಬುದು ಅವರ ಎಣಿಕೆ. ಗುಂಡಿಗೆ ಮುಂಚೆ ಸ್ವಚ್ಛತೆಯ ಕಾರ್ಯಕ್ರಮವಿರುವುದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಗುಂಡಿ ತೆಗೆಯುವುದು ಜೆ.ಸಿ.ಬಿ., ಗುದ್ದಲಿಯಲ್ಲ ಎಂದೆ. ಅದರ ಹಲ್ಲು ಸೀಳಿನ ಮಣ್ಣನ್ನೆಲ್ಲ ಬಾಚಿದರೆ ಬುಡವೇ ಹೋಗುತ್ತದೆ, ಚಿಗುರುವುದು ಯಾವುದರಿಂದ ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು. ಮೇಲಿನವರೊಬ್ಬರಿಗೆ ಫೋನ್ ಮಾಡಿ, ಕಾರಣ ಹೇಳದೆ, ಒಂದೆರಡು ವಾರದಲ್ಲಿ ನಿಲ್ಲಿಸಲು ನೋಡುತ್ತೇನೆ ಎಂದರು. ಕೆಲಸ ನಾಳೆ ಬೆಳಿಗ್ಗೆ ಎಂದು ನೆನಪಿಸಿದೆ.

“ಬೀಜ ಸಿಕ್ಕಿತಲ್ಲ,” ಎಂದರು. “ಅಷ್ಟು ಸಾಕು.”

ಬೂದಿ ಕಂಡಾಗ ಆದ ಆಘಾತಕ್ಕಿಂತ ಇದು ದೊಡ್ಡದು. ಬೂದಿ ಮಾಡಿದವರಿಗೆ ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು. ಕಾಪಾಡುವುದೆಂದರೆ ಶೀತಕೋಠಿಯಲ್ಲಿ ಒಂದು ಲಕೋಟೆ, ಅಷ್ಟೇ ಆದರೆ, ಬೆಟ್ಟ ನಮಗೆ ಬೀಜ ತೆಗೆದ ಮೇಲಿನ ಸಿಪ್ಪೆ. ಐದರಲ್ಲೊಂದು ಪಾಲು ಎಂಬ ನಿಯಮವನ್ನು ನನಗೆ ಬಾಯಿಪಾಠ ಮಾಡಿಸಿದವರು ಉಳಿದ ನಾಲ್ಕು ಪಾಲಿನ ಬಗ್ಗೆ ಸಭೆಯಲ್ಲಿ ಒಂದು ಮಾತಾಡಲಿಲ್ಲ. ಗೋಮಾಳ ಊರಿನದು. ತಮ್ಮ ಬೆಟ್ಟದಲ್ಲಿ ಏನಿದೆಯೆಂದು ಆ ಊರಿಗೆ ತಿಳಿಯಬಾರದೆಂದು ತೀರ್ಮಾನಿಸುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು? ಈ ಪ್ರಶ್ನೆಯನ್ನು ನಾನು ಅವರ ಕೋಣೆಯಲ್ಲಿ ಕೇಳಲಿಲ್ಲ. ಕೇಳಬೇಕಾದ ಜಾಗ ಅದಲ್ಲವೆಂದು ಹೊರಬಿದ್ದೆ. ಬೆಟ್ಟದಲ್ಲಿ ಏನಿದೆ, ಎಲ್ಲಿದೆ ಎಂಬುದನ್ನು ಬೆಳಿಗ್ಗೆ ಎಲ್ಲರೆದುರು ಹೇಳಿಬಿಡುವುದೆಂದು ಮೆಟ್ಟಿಲಿಳಿಯುವಷ್ಟರಲ್ಲಿ ನಿಶ್ಚಯಿಸಿದ್ದೆ.

ಜೀಪು ಕೇಳುವಂತಿರಲಿಲ್ಲ. ಕನಕಪುರದಲ್ಲಿ ಬಸ್ಸು ಬದಲಿಸಿ, ಸಾತನೂರಿಗೆ ಸರ್ಕಾರಿ ಬಸ್ಸು ಹಿಡಿದು, ಅಲ್ಲಿಂದ ಹಾಲಿನ ಗಾಡಿಯಲ್ಲಿ ಕೂತು ಹೋದೆ. ತಲುಪುವ ಹೊತ್ತಿಗೆ ಜೆ.ಸಿ.ಬಿ. ಬುಡದ ಇಳಿಜಾರಿನಲ್ಲಿ ಕೆಲಸ ಆರಂಭಿಸಿತ್ತು. ಕೆಂಪು ಮಣ್ಣು ಒಸರಿದಂತೆ ಗುಂಡಿಗಳ ಸಾಲು. ಅಧಿಕಾರಿ ಹೊಂಗೆ ಮರದ ನೆರಳಿನಲ್ಲಿ ನಿಂತಿದ್ದರು. ಸದಸ್ಯೆ ಅವರ ಪಕ್ಕದಲ್ಲಿ, ಸೆರಗು ಬಿಗಿದುಕೊಂಡು. ನಾನು ಅಧಿಕಾರಿಯ ಮುಂದೆ ಲಕೋಟೆ ಬಿಚ್ಚಿದೆ. ಗಿಡದ ಹೆಸರು ಹೇಳಿದೆ, ಯಾವ ಸುಣ್ಣದ ವೃತ್ತಗಳ ಕೆಳಗೆ ಅದರ ಬುಡವಿದೆಯೆಂದು ಬೆರಳಿಟ್ಟು ತೋರಿಸಿದೆ. ಮೂರು ವರ್ಷ ಬಾಯಿಗೆ ಬೀಗ ಹಾಕಿ ಇಟ್ಟುಕೊಂಡಿದ್ದ ಮಾತುಗಳು ಅವು.

ಅಧಿಕಾರಿ ಕೆಟ್ಟವರಲ್ಲ. ಅವರ ಪ್ರಶ್ನೆಯೂ ಸರಿಯಾಗಿಯೇ ಇತ್ತು. “ಮೇಡಂ, ನೀವು ಸಹಾಯಕಿ. ನಿಮ್ಮ ಹೆಡ್ಡು ಸಭೇಲಿ ಏನೂ ಇಲ್ಲ ಅಂದಿದಾರೆ. ನಾನು ಯಾರ ಮಾತು ಹಿಡೀಲಿ?”

ಅವರನ್ನೇ ಕೇಳಿ ಎಂದೆ. ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಅಷ್ಟರಲ್ಲಿ ಜೆ.ಸಿ.ಬಿ. ಚಾಲಕ ಎಂಜಿನ್ ನಿಲ್ಲಿಸಿ ಇಣುಕಿದ. ಆ ನಿಶ್ಶಬ್ದದಲ್ಲಿ ಅಧಿಕಾರಿ ಸುತ್ತಿಬಳಸದೆ ಕೇಳಿದರು: ಸಾತನೂರು ಕಡೆ ಬೆಟ್ಟದಲ್ಲಿ ನೀವು ಕಾಪಾಡುತ್ತಿರುವ ಗಿಡ ಇದೆಯೋ, ಇಲ್ಲವೋ.

ಕರೆ ಕಡಿಯಿತೆಂದೇ ನಾನು ತಿಳಿದೆ. ಆಮೇಲೆ ಮುಖ್ಯಸ್ಥರು, “ಅವಳು ಅಲ್ಲೇ ಇದ್ದಾಳಾ?” ಎಂದರು. ಇದ್ದೇನೆ ಸರ್ ಎಂದೆ.

“ಇದೆ,” ಎಂದರು.

“ಅವತ್ತು ಇಲ್ಲ ಅಂದ್ರಲ್ಲ ಸರ್?” ಎಂದರು ಅಧಿಕಾರಿ.

“ಇದೆ ಅಂದರೆ ಉಳಿಯುವುದಿಲ್ಲ ಅಂತ ಇಲ್ಲ ಅಂದೆ.”

ಸದಸ್ಯೆ ಅಧಿಕಾರಿಯ ಕೈಯಿಂದ ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಅವರ ದೊಡ್ಡ ದನಿ ಆಗ ಏರಲಿಲ್ಲ. “ನೀವ್ ಇಲ್ಲ ಅಂದಿದ್ಕೇ ಅಲ್ವಾ ಸ್ವಾಮಿ, ನಾವ್ ಕಿತ್ತಾಕಿದ್ದು. ಇದೆ ಅಂದಿದ್ರೆ ಒಂದ್ ದನ ಹತ್ತುಸ್ತಿರ್ನಿಲ್ಲ ನಾನು.”

ಕರೆ ಮುಗಿಯಿತು.

ಬರಹದಲ್ಲಿ ಬೇಕು ಎಂದರು ಅಧಿಕಾರಿ. ಮುಖ್ಯಸ್ಥರು ಮಧ್ಯಾಹ್ನದೊಳಗೆ ಕಳಿಸಿದರು. ಜೆ.ಸಿ.ಬಿ. ಬುಡದಿಂದ ಮೇಲೇರಲಿಲ್ಲ. ಅಲ್ಲಿಯವರೆಗೆ ತೋಡಿದ ಗುಂಡಿಗಳಲ್ಲಿ ಎಷ್ಟು ಬುಡಗಳು ಹೋದವೆಂದು ಹೇಳಲಾರೆ. ಮಗುಚಿದ ಮಣ್ಣಿನಲ್ಲಿ ತುಂಡಾದ ಬೇರುಗಳನ್ನು ಹೆಕ್ಕುತ್ತ ಸಂಜೆಯಾಯಿತು. ಆನೆ ಬರುವ ಹೊತ್ತೆಂದು ಊರವರು ಕೂಗಿ ಇಳಿಸಿದರು.

ನನ್ನ ಒಪ್ಪಂದವನ್ನು ಘಟಕ ಮುಂದುವರಿಸಲಿಲ್ಲ. ತಾಣದ ಗೋಪ್ಯತೆ ಮುರಿದದ್ದು ಕಾರಣ. ಅದಕ್ಕೆ ನನ್ನ ದೂರಿಲ್ಲ, ಮುರಿದದ್ದು ನಿಜ. ದೂರಿರುವುದು ಬೇರೆಯದಕ್ಕೆ. ಸ್ವಚ್ಛತೆಗೆ ಬಂದ ತಂಡಕ್ಕೆ ನಡೆದದ್ದನ್ನು ಬರೆದು ತಿಳಿಸಿದೆ. ಅವರು ಬೆಟ್ಟದ ಚಿತ್ರಗಳನ್ನು ತಮ್ಮ ಪುಟದಿಂದ ಅಳಿಸಿದರು. ಒಂದು ಸಾಲು ಉತ್ತರ ಬರೆಯಲಿಲ್ಲ. ಘಟಕದ ವರದಿಯಲ್ಲಿ ‘ಅನಿರೀಕ್ಷಿತ ಮಾನವ ಹಸ್ತಕ್ಷೇಪ’ ಎಂಬ ಮೂರು ಪದಗಳಿವೆ. ಯಾವ ಮಾನವ? ಹೆಸರಿಲ್ಲದ ಮಾನವನನ್ನು ಹೊಣೆ ಮಾಡುವುದು ನಮ್ಮ ಸಂಸ್ಥೆಗಳಿಗೆ ಚೆನ್ನಾಗಿ ಬರುತ್ತದೆ. ನಾನು ಕೇಳುವುದು ಇಷ್ಟೆ: ಯಾವ ಊರಿನ ಬೆಟ್ಟದಲ್ಲಿ ನೀವು ಏನನ್ನು ಕಾಪಾಡುತ್ತಿದ್ದೀರೋ ಅದನ್ನು ಮೊದಲು ಆ ಊರಿಗೆ ಹೇಳಿ. ಹೇಳಿದರೆ ಕದಿಯುವವರು ಬರಬಹುದು. ಹೇಳದಿದ್ದರೆ ಕಾಯುವವರು ಇರುವುದಿಲ್ಲ.

ಒಣಗಿದ್ದ ಬೀಜಗಳ ಗಟ್ಟಿ ಸಿಪ್ಪೆಗೆ ಮರಳುಕಾಗದದಿಂದ ಗೀರಿ, ಒದ್ದೆ ಕಾಗದದಲ್ಲಿಟ್ಟಾಗ ಅರ್ಧಕ್ಕೂ ಹೆಚ್ಚು ಮೊಳೆತವು. ನೆನೆದವು ಕೊಳೆತವು. ಘಟಕದಿಂದ ಹೊರಬರುವ ಮುನ್ನ ಶೀತಕೋಠಿಯ ಲಕೋಟೆಯ ಮೇಲೆ, ಬೆಟ್ಟದ ಹೆಸರಿನ ಕೆಳಗೆ, ‘ಕಸದ ಶೆಡ್ಡಿನಿಂದ ಸಂಗ್ರಹಿಸಿದ್ದು’ ಎಂದು ಬರೆದೆ. ಅದನ್ನು ಯಾರಾದರೂ ತಿದ್ದಿದರೋ ತಿಳಿಯದು.

ಮುಂಗಾರಿಗೆ ಮೊದಲಿನ ಮಳೆಗಳು ಎರಡು ಬಿದ್ದ ಮೇಲೆ, ಯಾವ ಘಟಕಕ್ಕೂ ಸೇರದವಳಾಗಿ ಒಬ್ಬಳೇ ಬೆಟ್ಟಕ್ಕೆ ಹೋದೆ. ಯಾವ ಬುಡ ಎದ್ದಿದೆ, ಯಾವುದು ಇಲ್ಲ ಎಂದು ಗುರುತು ಹಾಕಿಕೊಳ್ಳಬೇಕಿತ್ತು. ಸದಸ್ಯೆ ಕೆಳಗೇ ಕಂಡು, ಹುಳ ಹಣ್ಣಾಗಿ ಗೂಡು ಕಟ್ಟುತ್ತಿದೆ, ಈಗ ಬಿಡುವು ಎಂದು ಜೊತೆಗೆ ಹತ್ತಿದರು. ದಾರಿಯುದ್ದಕ್ಕೂ ಮಾತು: ಅಳಿಯನ ಬೈಕು, ಗೂಡಿನ ಧಾರಣೆ, ಪಂಚಾಯಿತಿಯ ಮುಂದೆ ಈ ಗಿಡದ ಚಿತ್ರ ಬರೆಸಲು ಕಾರ್ಯದರ್ಶಿ ಒಪ್ಪದಿದ್ದುದು, ತಾವು ಒಪ್ಪಿಸಿದ್ದು. ಬೇರು ಉಳಿದು ನೆಲಮಟ್ಟದಲ್ಲಿ ಮುರಿದಿದ್ದ ಬುಡಗಳು ಅಲ್ಲಲ್ಲಿ ಚಿಗುರಿದ್ದವು; ಬೂದಿಬಣ್ಣದ ಮೂರು ಮೂರು ಎಲೆ. ಒಂದೊಂದನ್ನೂ ಕಂಡಾಗ ಅವರು “ಇಲ್ಲೊಂದೈತೆ” ಎಂದು ಕರೆದು ತೋರಿಸುತ್ತಿದ್ದರು.

ಒಂದು ಚಪ್ಪಡಿಯ ಪಕ್ಕದಲ್ಲಿ ಅವರ ಮಾತು ನಿಂತಿತು. ಕುಕ್ಕರಗಾಲಿನಲ್ಲಿ ಕೂತು ಒಂದು ಸೀಳನ್ನೇ ನೋಡುತ್ತಿದ್ದರು. ಅಲ್ಲಿ ಚಿಗುರಿರಲಿಲ್ಲ.

“ಇದು ನಾನ್ ಕಿತ್ತಿದ್ದು,” ಎಂದರು. “ಬೇರೇವ್ರ ಕೈಲಿ ಬರ್ನಿಲ್ಲ ಅಂತ ಕಾಲ್ ಕೊಟ್ಟು ಎಳುದ್ನಲ್ಲ. ಬುಡುಕ್ಕೇ ಬಂದ್ಬುಡ್ತು.” ಸೀಳಿನೊಳಕ್ಕೆ ಕೈ ಇಳಿಸಿ, ಒದ್ದೆ ಮಣ್ಣು ತೆಗೆದು ನೋಡಿ, ಅಲ್ಲೇ ಸುರಿದರು. “ಇನ್ನೊಂದ್ ಮಳೆ ಬಿದ್ರೆ ಬತ್ತದಾ?”

ಬರುವುದಿಲ್ಲ ಎಂದೆ. ಬೇರೇ ಹೋದ ಮೇಲೆ ಬರುವುದಿಲ್ಲ.

ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಾನು ಸಮಾಧಾನ ಹೇಳುತ್ತೇನೆಂದು ಊಹಿಸಿದರೋ ಏನೋ, ತಲೆಯಲ್ಲಾಡಿಸಿ ಬೇಡವೆಂದರು. ನನ್ನ ಮಡಿಲಿನಲ್ಲಿದ್ದ ಹಾಳೆಗಳ ಕಡೆ ಗದ್ದ ಚಾಚಿ, “ಇದ್ರಲ್ಲಿ ಏನಂತ ಬರ್ಕತೀಯ?” ಎಂದು ಕೇಳಿದರು. ಬುಡ ನಾಶ, ಕಾರಣ ಇಂಥದ್ದು ಎಂದು ಬರೆಯುತ್ತೇವೆ ಎಂದೆ.

“ಅಂಗಾರೆ ನನ್ ಹೆಸ್ರು ಬರ್ಕೊ. ಪೂರ್ತಿ ಹೆಸ್ರು.”

ಬರೆದುಕೊಂಡೆ. ಆ ಬೆಟ್ಟದ ಕುರಿತು ನನ್ನ ಬಳಿಯಿರುವ ಹಾಳೆಗಳಲ್ಲಿ, ಕಾರಣ ಎಂಬಲ್ಲಿ, ಈ ಹೊತ್ತಿಗೂ ಇರುವುದು ಅದೊಂದೇ ಹೆಸರು.